ಯಾರ ಕುತ್ತಿಗೆಗೆ ಈ ಮಫ್ಲರ್?

ಕ್ರಿಸ್‌ಮಸ್‌ಗೋ ಸಂಕ್ರಾಂತಿಗೋ ಊರಿಗೆ ಒಯ್ಯಬೇಕಾದ ಕ್ರೋಶಾ ಮಫ್ಲರಿಗೆ ದೋಹಾದ ಐನ್ ಖಾಲಿದ್‌ನಲ್ಲಿ ಮೊದಲ ಗಂಟು ಬೀಳಬೇಕಾದ್ದು ಸೆಪ್ಟೆಂಬರಿನಲ್ಲಿ. ಹೊರಗೆ ಆಗಿನ್ನೂ ಸೆಕೆ ಇಳಿದಿರುವುದಿಲ್ಲ, ಸಂಜೆಯಾದರೂ ಮಕ್ಕಳನ್ನು ಅಂಗಳಕ್ಕೆ ಬಿಡಲು ಮನಸ್ಸಾಗುವುದಿಲ್ಲ. ಒಳಗೆ ಎಸಿ ಹಗಲಿರುಳು ಓಡುತ್ತಿರುತ್ತದೆ. ಮಡಿಲಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು ಕೂರುವುದಕ್ಕೆ ದೋಹಾದಲ್ಲಿ ಇದಕ್ಕಿಂತ ಹದವಾದ ಕಾಲ ಇಲ್ಲ. ಮೋಸ ಇರುವುದೂ ಇಲ್ಲೇ. ಇಪ್ಪತ್ತು ಡಿಗ್ರಿಯ ಎಸಿ ಕೋಣೆಯಲ್ಲಿ ಕೂತವರಿಗೆ ಎಲ್ಲ ದಾರವೂ ಹಿತವೇ, ದಪ್ಪಗಿದ್ದಷ್ಟೂ ಇನ್ನೂ ಹಿತ. ಅದನ್ನು ಸುತ್ತಿಕೊಳ್ಳುವವರು ಇರುವುದು ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಬೀದರಿನಲ್ಲೋ ಎನ್ನುವುದು ಮರೆತುಹೋಗುತ್ತದೆ. ಹೀಗೆ ಹೆಣೆದ ಎಷ್ಟೋ ಮಫ್ಲರುಗಳು ನಾಫ್ತಲಿನ್ ಗುಳಿಗೆಗಳ ಜೊತೆ ಗಾಡ್ರೇಜ್ ಬೀರುವಿನಲ್ಲಿ ಮಲಗಿವೆ.

ಐನ್ ಖಾಲಿದ್ ಇರುವುದು ದೋಹಾದ ನೈರುತ್ಯ ಅಂಚಿನಲ್ಲಿ, ಸಲ್ವಾ ರಸ್ತೆಯ ಆಸುಪಾಸಿನಲ್ಲಿ. ವಿಲ್ಲಾಗಳ, ಕಾಂಪೌಂಡುಗಳ ಬಡಾವಣೆ. ಸ್ವಲ್ಪ ಆಚೆಗೆ ಕಾರ್ಮಿಕರ ವಸತಿಗಳಿರುವ ಇಂಡಸ್ಟ್ರಿಯಲ್ ಏರಿಯಾ. ಇನ್ನೊಂದು ದಿಕ್ಕಿಗೆ ಕಾರಿನಲ್ಲಿ ಹೋದರೆ ಅಬು ಹಮೂರ್ ಕಡೆಯ ಚರ್ಚ್ ಸಂಕೀರ್ಣ. ಕತಾರ್‌ನ ಮೊದಲ ಕ್ಯಾಥೊಲಿಕ್ ಇಗರ್ಜಿ, ಅವರ್ ಲೇಡಿ ಆಫ್ ದ ರೋಸರಿ, 2008ರ ಮಾರ್ಚ್‌ನಲ್ಲಿ ತೆರೆದದ್ದು ಅಲ್ಲೇ. ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ನ ತಯಾರಿ ನಡೆಯುತ್ತದೆ. ಕರ್ನಾಟಕ ಸಂಘ ಕತಾರ್, ತುಳುಕೂಟಗಳಂಥ ಸಂಘಗಳ ಕಾರ್ಯಕ್ರಮಗಳೂ ಹವೆ ತಂಪಾದ ಮೇಲೆಯೇ ಕಳೆಕಟ್ಟುವುದು. ಉಡುಗೊರೆ ಕೊಡಲು ನೆಪಗಳಿಗೆ ಕೊರತೆಯಿಲ್ಲ. ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಟ್ಯಾಂಗ್, ನಿಡೋ, ಖರ್ಜೂರ, ಬಾದಾಮಿ ಹೇಗೂ ಇರುತ್ತವೆ. ಇನ್ನೂರು ಗ್ರಾಂ ತೂಗುವ ಒಂದು ಮಫ್ಲರಿಗೆ ಅವುಗಳ ನಡುವೆ ಜಾಗ ಸಿಕ್ಕೇ ಸಿಗುತ್ತದೆ.

ಮೊದಲು ಊರು, ಆಮೇಲೆ ಬಣ್ಣ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಹೆಸರು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಅವರ ಊರು, ಅವರು ಏನು ಉಡುತ್ತಾರೆ, ಬೆಳಗ್ಗೆ ಹೇಗೆ ಓಡಾಡುತ್ತಾರೆ ಎನ್ನುವುದನ್ನೂ ಬರೆಯಿರಿ. ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಭಾಗ ಇದೊಂದೇ. ಉಳಿದದ್ದು ಕೈಯ ಅಭ್ಯಾಸ.

ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡಿನವರಿಗೆ ಉಲ್ಲನ್ ಬೇಡವೇ ಬೇಡ. ಅಲ್ಲಿ ಡಿಸೆಂಬರಿನ ರಾತ್ರಿಯೂ ಸಾಮಾನ್ಯವಾಗಿ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಮೇಲಾಗಿ ಸಮುದ್ರದ ತೇವ. ಅವರಿಗೆ ತೆಳು ಹತ್ತಿ ದಾರದ, ಬಲೆಯಂತೆ ಗಾಳಿಯಾಡುವ ಸ್ಟೋಲ್ ಹೆಣೆಯಿರಿ. ಚರ್ಚಿಗೆ, ಮದುವೆಗೆ, ರಾತ್ರಿ ಬಸ್ಸಿನ ಪ್ರಯಾಣಕ್ಕೆ ಆಗುತ್ತದೆ. ಬೆಂಗಳೂರು, ಮೈಸೂರಿನವರಿಗೆ ಹಗುರ ಅಕ್ರಿಲಿಕ್ ಸಾಕು. ಬೆಂಗಳೂರಿನ ಚಳಿಯ ಬಗ್ಗೆ ದೊಡ್ಡ ಮಾತು ನಡೆಯುತ್ತದೆ, ನಿಜ. ಆದರೆ ಆ ಊರಿನ ದಾಖಲೆಯ 7.8 ಡಿಗ್ರಿ ಬಿದ್ದದ್ದು 1884ರ ಜನವರಿಯಲ್ಲಿ. ಈಗಿನ ಚಳಿಗಾಲದ ಬೆಳಗು ಹದಿನೈದರ ಆಚೀಚೆ. ಪಾರ್ಕಿಗೆ ವಾಕಿಂಗ್ ಹೋಗುವ ಮಾವನವರಿಗೆ ಬೇಕಾದ್ದು ಕಿವಿ ಮುಚ್ಚಿ ಗಂಟಲಿಗೆ ಒಂದು ಸುತ್ತು ಬರುವ ಮಫ್ಲರ್. ಎಂಟು ಗಂಟೆಯ ಬಿಸಿಲಿಗೆ ಅದನ್ನು ಬಿಚ್ಚಿ ಜೇಬಿಗೆ ತುರುಕುವ ಹಾಗಿರಬೇಕು. ಮಡಿಕೇರಿ, ಚಿಕ್ಕಮಗಳೂರು, ಬೀದರ್‌ನವರಿಗೆ ಮಾತ್ರ ದಪ್ಪ ದಾರದ ಮಫ್ಲರ್ ಕೊಡಿ, ಬೇಕಾದರೆ ಉಣ್ಣೆ ಬೆರೆತದ್ದನ್ನೇ.

ದೋಹಾದ ಇಂಡಿಯನ್ ಶಾಲೆಗಳ ದೊಡ್ಡ ರಜೆ ಜುಲೈ–ಆಗಸ್ಟ್‌ನಲ್ಲಿ ಬರುವುದರಿಂದ ಎಷ್ಟೋ ಕುಟುಂಬಗಳು ಊರಿಗೆ ಹೋಗುವುದು ಮಳೆಗಾಲದಲ್ಲೇ. ಆಗ ಕೊಡುವುದಾದರೆ ಲೆಕ್ಕವೇ ಬೇರೆ. ತೀರ್ಥಹಳ್ಳಿಯ ಆಷಾಢದಲ್ಲಿ ಒದ್ದೆಯಾದ ಉಣ್ಣೆ ವಾರವಾದರೂ ಒಣಗದೆ ಮುಗ್ಗಲು ನಾತ ಹಿಡಿಯುತ್ತದೆ. ಅಕ್ರಿಲಿಕ್ ನೀರು ಹೀರುವುದು ಕಡಿಮೆ, ಬೇಗ ಆರುತ್ತದೆ. ಉಣ್ಣೆಯೇ ಶ್ರೇಷ್ಠ, ಅಕ್ರಿಲಿಕ್ ಕೀಳು ಎನ್ನುವ ಮಾತನ್ನು ಮಲೆನಾಡಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಸೀರೆ ಉಡುವ ಅಮ್ಮ, ಅತ್ತೆಯಂದಿರಿಗೆ ಹದಿನೆಂಟು ಸೆಂಟಿಮೀಟರ್ ಅಗಲದ ಪಟ್ಟಿ ಕೊಟ್ಟರೆ ಅವರು ಅದನ್ನು ಮಗನಿಗೆ ಕೊಡುತ್ತಾರೆ. ಸೆರಗಿನ ಮೇಲೆ ಹೊದೆಯಲು ಅವರಿಗೆ ನಲವತ್ತು ಸೆಂಟಿಮೀಟರ್ ಆದರೂ ಅಗಲ ಬೇಕು. ಅಷ್ಟು ಹೆಣೆಯಲು ಪುರುಸೊತ್ತಿಲ್ಲವಾದರೆ ಮುಕ್ಕೋನದ ಸಣ್ಣ ಶಾಲು ಆದೀತು. ವಯಸ್ಸಾದವರ ಚರ್ಮಕ್ಕೆ ದಾರ ಚುಚ್ಚಬಾರದು. ಕೊಳ್ಳುವಾಗ ಉಂಡೆಯನ್ನು ಅಂಗೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ, ಗಲ್ಲದ ಕೆಳಗೆ ಒಂದು ನಿಮಿಷ ಒತ್ತಿ ನೋಡಿ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿಗೆ ಒಪ್ಪುತ್ತದೆ. ಹುಣಸೆ ಬೀಜದ ಗಂಜಿ ಕುಡಿದ ಆ ಕಂಬಳಿ ಮಳೆಯನ್ನೂ ತಡೆಯುತ್ತದೆ. ಆದರೆ ಆ ಉಣ್ಣೆ ಬರಿಯ ಕುತ್ತಿಗೆಗಲ್ಲ.

ಬೈಕು, ಸ್ಕೂಟರಿನಲ್ಲಿ ಓಡಾಡುವವರಿಗೆ ಉದ್ದ ಮಫ್ಲರ್ ಕೊಡಬೇಡಿ. ನೃತ್ಯಗಾರ್ತಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಕಾರಿನ ಚಕ್ರಕ್ಕೆ ಸ್ಕಾರ್ಫ್ ಸಿಕ್ಕಿಹಾಕಿಕೊಂಡು. ನಮ್ಮ ಬೈಕುಗಳಿಗೆ ಸೀರೆ ಗಾರ್ಡ್ ಇರುವುದೂ ಇಂಥದೇ ಭಯದಿಂದ. ಅವರಿಗಾಗಿ ಅರವತ್ತು ಸೆಂಟಿಮೀಟರ್ ಉದ್ದ ಹೆಣೆದು ಎರಡು ತುದಿಯನ್ನೂ ಜೋಡಿಸಿ ಬಳೆಯಂತೆ ಮಾಡಿ. ತಲೆಯ ಮೇಲಿಂದ ಇಳಿಸಿಕೊಂಡರೆ ಆಯಿತು, ಹೆಲ್ಮೆಟ್ಟಿಗೂ ಅಡ್ಡಿಯಿಲ್ಲ. ಪುಟ್ಟ ಮಕ್ಕಳಿಗೆ ಕುತ್ತಿಗೆಗೆ ಸುತ್ತುವ ಯಾವುದೂ ಬೇಡ, ಟೋಪಿ ಕೊಡಿ.

ಉಡುಗೊರೆ ವಿಮಾನ ಹತ್ತಲೇಬೇಕೆಂದೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಬೀಸಿದಾಗ ದೋಹಾದ ನಸುಕು ಸಾಕಷ್ಟು ಕೊರೆಯುತ್ತದೆ. ಆ ಹೊತ್ತಿಗೆ ಇಂಡಸ್ಟ್ರಿಯಲ್ ಏರಿಯಾದಿಂದ ಬಸ್ಸು ಹತ್ತುವವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಜೋಲಾಡುವ ಮಫ್ಲರ್ ಅಪಾಯ. ಕಿವಿ ಮುಚ್ಚುವ, ಹೆಲ್ಮೆಟ್ಟಿನಡಿ ಹಿಡಿಯುವ ತೆಳು ಟೋಪಿಯನ್ನು ಮಫ್ಲರಿನ ದಾರದಲ್ಲೇ ಒಂದು ಸಂಜೆಗೆ ಮುಗಿಸಬಹುದು.

ದಾರ, ಕಡ್ಡಿ ಮತ್ತು ಬಿಗಿ ಕೈ

ದೋಹಾದ ದೊಡ್ಡ ಹೈಪರ್‌ಮಾರ್ಕೆಟ್ಟುಗಳ ಕರಕುಶಲ ವಿಭಾಗದಲ್ಲಿ, ಹಳೆಯ ಪೇಟೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ರಜೆಗೆ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಸುತ್ತಾಡಿ ವರ್ಧಮಾನ್‌ನಂಥ ನಮ್ಮ ದಾರವನ್ನೇ ತಂದುಕೊಂಡರೂ ಆಯಿತು, ಹಗುರದ ಸಾಮಾನು. ಎಲ್ಲಿ ಕೊಂಡರೂ ಲೇಬಲ್ಲಿನ ಮೇಲೆ ಎರಡು ಅಂಶ ನೋಡಿ: ದಾರಕ್ಕೆ ಎಷ್ಟು ಮಿಲಿಮೀಟರ್ ಕಡ್ಡಿ ಹೇಳಿದ್ದಾರೆ, ಮತ್ತು ಬಣ್ಣದ ಲಾಟ್ ಸಂಖ್ಯೆ ಏನು. ಅದೇ ಬಣ್ಣ, ಅದೇ ಕಂಪನಿಯಾದರೂ ಲಾಟ್ ಬೇರೆಯಾದರೆ ಮಫ್ಲರಿನ ನಡುವೆ ಒಂದು ಗೆರೆ ಎದ್ದು ಕಾಣುತ್ತದೆ. ಟ್ಯೂಬ್‌ಲೈಟಿನಲ್ಲಿ ಅದು ಗೊತ್ತಾಗುವುದಿಲ್ಲ, ಬಿಸಿಲಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಬೇಕಾದ್ದಕ್ಕಿಂತ ಒಂದು ಉಂಡೆ ಹೆಚ್ಚಿಗೇ ತನ್ನಿ. ಕಪ್ಪು ಮತ್ತು ಕಡುನೀಲಿ ದಾರದಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದೇ ಇಲ್ಲ, ಹೊಸಬರು ಅವುಗಳ ತಂಟೆಗೆ ಹೋಗಬಾರದು. ರೋಮ ಎದ್ದ ಫ್ಯಾನ್ಸಿ ದಾರವೂ ಹಾಗೆಯೇ, ತಪ್ಪಿದರೆ ಬಿಚ್ಚಲು ಬರುವುದಿಲ್ಲ.

ಕ್ರೋಶಾ ನಮ್ಮ ಮನೆಗಳಿಗೆ ಹೊಸದಲ್ಲ. ಟಿವಿ ಕವರು, ಟೀಪಾಯಿಯ ಹಾಸು, ಬಾಗಿಲಿಗೆ ಉಲ್ಲನ್ ತೋರಣ, ಕರಾವಳಿಯ ಇಗರ್ಜಿಗಳಲ್ಲಿ ಪೀಠದ ಬಟ್ಟೆಗೆ ಲೇಸು ಇವೆಲ್ಲವನ್ನೂ ಹೆಣೆದ ಕೈಗಳು ಇನ್ನೂ ಇವೆ. ವಿಚಿತ್ರವೆಂದರೆ ಆ ಪಳಗಿದ ಕೈಗಳಿಗೇ ಮಫ್ಲರ್ ಕಷ್ಟ. ಒಂದೂವರೆ ಮಿಲಿಮೀಟರಿನ ಉಕ್ಕಿನ ಕಡ್ಡಿ, ಸಣ್ಣ ಹತ್ತಿ ನೂಲು ಹಿಡಿದವರು ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ. ಲೇಸಿಗೆ ಆ ಬಿಗಿ ಬೇಕು. ಮಫ್ಲರಿಗೆ ಅದೇ ಬಿಗಿ ಬಿದ್ದರೆ ಅದು ರಟ್ಟಿನ ಹಾಗೆ ನೆಟ್ಟಗೆ ನಿಲ್ಲುತ್ತದೆ, ಕುತ್ತಿಗೆಗೆ ಒರಗುವುದಿಲ್ಲ. ಲೇಬಲ್ಲಿನಲ್ಲಿ 4 ಮಿಲಿಮೀಟರ್ ಎಂದಿದ್ದರೆ ನೀವು 5 ತೆಗೆದುಕೊಳ್ಳಿ. ಕೈ ಬದಲಿಸುವುದಕ್ಕಿಂತ ಕಡ್ಡಿ ಬದಲಿಸುವುದು ಸುಲಭ.

ಯೂಟ್ಯೂಬ್ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವುದನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ನಮ್ಮ ಹಳೆಯ ಪುಸ್ತಕಗಳಲ್ಲಿ ಬ್ರಿಟಿಷ್ ಕ್ರಮವಿರುತ್ತದೆ, ಇಂದಿನ ವಿಡಿಯೋಗಳಲ್ಲಿ ಹೆಚ್ಚಾಗಿ ಅಮೆರಿಕದ್ದು. ಕೆಳಗೆ ಹೇಳಿರುವುದೆಲ್ಲ ಅಮೆರಿಕದ ಕ್ರಮ.

ಚಳಿಯ ಊರಿಗೆ

ಮಧ್ಯಮ ದಪ್ಪದ ಅಕ್ರಿಲಿಕ್ ಅಥವಾ ಉಣ್ಣೆ ಬೆರೆತ ದಾರ, ನೂರು ಗ್ರಾಂನ ಎರಡು ಉಂಡೆ, ಕುಚ್ಚು ಬೇಕಾದರೆ ಮೂರನೆಯದು. 5 ಮಿಲಿಮೀಟರ್ ಕಡ್ಡಿ. ಜಾರುಗಂಟು ಹಾಕಿ 27 ಚೈನ್ ಹೆಣೆಯಿರಿ. ಈ ಬುಡದ ಚೈನ್ ಮಾತ್ರ ಮಿಕ್ಕ ಹೆಣಿಗೆಗಿಂತ ಸಡಿಲವಿರಲಿ, ಇಲ್ಲದಿದ್ದರೆ ಮಫ್ಲರ್ ಒಂದು ತುದಿಯಲ್ಲಿ ಸೊಂಟ ಹಿಡಿದ ಹಾಗೆ ಕಿರಿದಾಗುತ್ತದೆ. ಸಡಿಲ ಬರದಿದ್ದರೆ ಆ ಒಂದು ಸಾಲಿಗೆ ಅರ್ಧ ಅಳತೆ ದೊಡ್ಡ ಕಡ್ಡಿ ಬಳಸಿ.

ಕಡ್ಡಿಯಿಂದ ಮೂರನೆಯ ಚೈನಿಗೆ ಮೊದಲ ಹಾಫ್ ಡಬಲ್. ಹಾಫ್ ಡಬಲ್ ಎಂದರೆ ಕಡ್ಡಿಗೆ ದಾರ ಒಮ್ಮೆ ಸುತ್ತಿ, ಚೈನಿನೊಳಗೆ ಹೊಗಿಸಿ ದಾರ ಎಳೆದುಕೊಂಡರೆ ಕಡ್ಡಿಯ ಮೇಲೆ ಮೂರು ಕುಣಿಕೆ. ಮತ್ತೆ ದಾರ ಹಿಡಿದು ಮೂರರಿಂದಲೂ ಒಂದೇ ಸಲ ಹೊರಗೆ. ಸಾಲಿನ ತುದಿ ಮುಟ್ಟಿದಾಗ 25 ಇರಬೇಕು. ಎರಡು ಚೈನ್ ಹಾಕಿ ತಿರುಗಿಸಿ. ಆ ಎರಡು ಚೈನನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮೊದಲ ಹಾಫ್ ಡಬಲ್ ಅನ್ನು ಮೊದಲ ಸ್ಥಾನಕ್ಕೇ ಹಾಕಿ. ಎರಡನೆಯ ಸಾಲಿನಿಂದ ಕೆಳಗಿನ ಸಾಲಿನ ಎರಡೂ ಎಳೆಗಳಿಗೆ ಚುಚ್ಚುವ ಬದಲು ಹಿಂದಿನ ಎಳೆಗೆ ಮಾತ್ರ ಚುಚ್ಚಿದರೆ ಅಡ್ಡಕ್ಕೆ ಏಣುಗಳು ಏಳುತ್ತವೆ, ಬಟ್ಟೆ ರಬ್ಬರಿನಂತೆ ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕಿವಿಗೆ ಸುತ್ತಿಕೊಳ್ಳುವವರಿಗೆ ಈ ಎಳೆತ ಬಹಳ ಅನುಕೂಲ. ಹೀಗೆ 160 ಸೆಂಟಿಮೀಟರ್ ಆಗುವವರೆಗೆ ಹೆಣೆಯುತ್ತ ಹೋಗಿ, ಸುಮಾರು 160–170 ಸಾಲು. ಅಗಲ ಹದಿನೆಂಟು ಸೆಂಟಿಮೀಟರ್ ಆಸುಪಾಸು ಬರುತ್ತದೆ. ಎತ್ತರದ ಮನುಷ್ಯರಾದರೆ ಅವರ ಎತ್ತರದಷ್ಟೇ ಉದ್ದ ಎಂಬ ಲೆಕ್ಕ ಕೆಡುವುದಿಲ್ಲ.

ಮೊದಲ ಮಫ್ಲರ್ ಹೆಣೆಯುವವರ ದೂರು ಹೆಚ್ಚಾಗಿ ಒಂದೇ: ಆಯತವಾಗಿ ಶುರುವಾದದ್ದು ತ್ರಿಕೋನವಾಗುತ್ತ ಹೋಯಿತು. ಕಾರಣ, ಸಾಲಿನ ಕೊನೆಯ ಕುಣಿಕೆ ಒಳಗೆ ಮಡಚಿಕೊಂಡು ಅಡಗಿರುತ್ತದೆ, ಅದನ್ನು ಬಿಟ್ಟು ತಿರುಗಿಸಿಬಿಡುತ್ತೇವೆ. ಪ್ರತಿ ಸಾಲಿನ ಮೊದಲ ಕುಣಿಕೆಗೆ ಒಂದು ಪಿನ್ನು ಸಿಕ್ಕಿಸಿಡಿ. ವಾಪಸು ಬಂದಾಗ ಆ ಪಿನ್ನಿನ ಜಾಗಕ್ಕೇ ಕೊನೆಯದನ್ನು ಹಾಕಬೇಕು. ಹತ್ತು ಸಾಲಿಗೊಮ್ಮೆ ಎಣಿಸಿ. ಟಿವಿ ನೋಡುತ್ತ ಹೆಣೆಯುವವರು ಐದಕ್ಕೊಮ್ಮೆ.

ಉಂಡೆ ಸಾಲುತ್ತದೆಯೋ ಇಲ್ಲವೋ ಎಂಬ ಆತಂಕಕ್ಕೆ ಅಡುಗೆಮನೆಯ ತಕ್ಕಡಿ ಇದೆ. ಇಪ್ಪತ್ತು ಸಾಲು ಹೆಣೆದ ಮೇಲೆ ಉಂಡೆಯನ್ನು ತೂಗಿ, ಎಷ್ಟು ಗ್ರಾಂ ಖರ್ಚಾಯಿತು ನೋಡಿದರೆ ಪೂರ್ತಿಯ ಲೆಕ್ಕ ಅಲ್ಲೇ ಸಿಗುತ್ತದೆ.

ಸೆಕೆಯ ಊರಿಗೆ

ತೆಳು ಹತ್ತಿ ದಾರ, 150ರಿಂದ 200 ಗ್ರಾಂ, 3 ಮಿಲಿಮೀಟರ್ ಕಡ್ಡಿ. 80 ಚೈನ್. ಕಡ್ಡಿಯಿಂದ ಆರನೆಯ ಚೈನಿಗೆ ಒಂದು ಡಬಲ್, ಅಂದರೆ ಹಾಫ್ ಡಬಲ್‌ನಂತೆಯೇ ಬಂದ ಮೂರು ಕುಣಿಕೆಗಳನ್ನು ಒಂದೇ ಸಲ ಅಲ್ಲ, ಎರಡೆರಡಾಗಿ ಎರಡು ಸಲ ಹೊರಗೆಳೆಯುವುದು. ಆಮೇಲೆ ಒಂದು ಚೈನ್, ಬುಡದಲ್ಲಿ ಒಂದು ಬಿಟ್ಟು ಇನ್ನೊಂದಕ್ಕೆ ಡಬಲ್. ಹೀಗೆ ಕೊನೆಯವರೆಗೆ ಹೋದರೆ 38 ಪುಟ್ಟ ಕಿಟಕಿಗಳು. ನಾಲ್ಕು ಚೈನ್ ಹಾಕಿ ತಿರುಗಿಸಿ, ಮುಂದಿನ ಡಬಲ್‌ನ ತಲೆಗೆ ಡಬಲ್, ಒಂದು ಚೈನ್, ಮತ್ತೆ ಡಬಲ್. ಸಾಲಿನ ಕೊನೆಯ ಡಬಲ್ ಬೀಳಬೇಕಾದ್ದು ತಿರುಗುವಾಗ ಹಾಕಿದ ಚೈನಿನ ಮೂರನೆಯ ಕೊಂಡಿಗೆ. ಇಲ್ಲಿ ತಪ್ಪಿದರೆ ಕಿಟಕಿ ಒಂದು ಕಡಿಮೆಯಾಗುತ್ತದೆ. ಅಗಲ ಮೂವತ್ತು ಸೆಂಟಿಮೀಟರ್ ದಾಟುತ್ತದೆ. ಅತ್ತೆಯವರಿಗಾದರೆ 100 ಚೈನ್ ಹಾಕಿ ಶುರು ಮಾಡಿ, ಚೈನ್ ಸಮಸಂಖ್ಯೆಯಲ್ಲಿದ್ದರೆ ಸಾಕು.

ಹತ್ತಿ ಜೋತು ಬೀಳುವ ದಾರ. ಹೆಣೆಯುವಾಗ ಒಂದೂವರೆ ಮೀಟರ್ ಇದ್ದದ್ದು ಒಗೆದು ತೂಗುಹಾಕಿದ ಮೇಲೆ ಇನ್ನಷ್ಟು ಇಳಿಯುತ್ತದೆ, ಹಾಗಾಗಿ ಉದ್ದವನ್ನು ಸ್ವಲ್ಪ ಮೊದಲೇ ನಿಲ್ಲಿಸಿ. ಕಡುಬಣ್ಣದ ಹತ್ತಿಯನ್ನು ಕೊಡುವ ಮೊದಲು ಒಮ್ಮೆ ನೀರಿನಲ್ಲಿ ನೆನೆಸಿ ನೋಡುವುದು ಕ್ಷೇಮ. ಕೆಂಪು ಬಣ್ಣ ಯಾರದೋ ಕೆನೆಬಣ್ಣದ ರೇಷ್ಮೆ ಸೀರೆಗೆ ಇಳಿದರೆ ಆ ಉಡುಗೊರೆಯನ್ನು ಮನೆಮಂದಿ ವರ್ಷಗಟ್ಟಲೆ ಮರೆಯುವುದಿಲ್ಲ.

ಎಳೆ ಅಡಗಿಸಿ, ಇಸ್ತ್ರಿ ಇಡಬೇಡಿ

ಉಂಡೆ ಬದಲಿಸುವಲ್ಲಿ, ಕೊನೆಯಲ್ಲಿ ಗಂಟು ಹಾಕಿ ಕತ್ತರಿಸುವವರಿದ್ದಾರೆ. ಗಂಟು ಕುತ್ತಿಗೆಗೆ ಒತ್ತುತ್ತದೆ, ನಾಲ್ಕು ಸಲ ಒಗೆದರೆ ಬಿಚ್ಚಿಯೂ ಬಿಡುತ್ತದೆ. ಹದಿನೈದು ಸೆಂಟಿಮೀಟರ್ ಎಳೆ ಉಳಿಸಿ, ಮೊನೆಯಿಲ್ಲದ ದಪ್ಪ ಸೂಜಿಗೆ ಪೋಣಿಸಿ, ಸಾಲಿನೊಳಗೆ ಒಂದು ದಿಕ್ಕಿಗೆ, ಮತ್ತೆ ಹಿಂದಕ್ಕೆ, ಇನ್ನೊಮ್ಮೆ ಮುಂದಕ್ಕೆ ಓಡಿಸಿ. ಬೇಸರದ ಕೆಲಸ. ಆದರೆ ಕೈಕೆಲಸ ಬಲ್ಲವರು ಮೊದಲು ತಿರುಗಿಸಿ ನೋಡುವುದು ಹಿಂಬದಿಯನ್ನೇ.

ಹೆಣೆದು ಮುಗಿಸಿದ್ದನ್ನು ಉಗುರು ಬೆಚ್ಚನೆಯ ನೀರಿಗೆ ಸ್ವಲ್ಪ ಶ್ಯಾಂಪೂ ಹಾಕಿ ನೆನೆಸಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಆಮೇಲೆ ಹಾಸಿದ ಬಟ್ಟೆಯ ಮೇಲೆ ಅಂಚುಗಳನ್ನು ಎಳೆದು ನೇರ ಮಾಡಿ, ಗುಂಡುಸೂಜಿ ಚುಚ್ಚಿ ಒಣಗಲು ಬಿಡಿ. ಟೆರೇಸಿನಲ್ಲಿ ಮಾತ್ರ ಬೇಡ. ಧೂಳಿನ ಗಾಳಿ ಎದ್ದರೆ ಮಣ್ಣು ಒಳಗೇ ಕೂತುಬಿಡುತ್ತದೆ. ಎಸಿ ಕೋಣೆಯ ಒಣ ಹವೆಯಲ್ಲಿ ಒಂದು ರಾತ್ರಿಗೆ ಆರುತ್ತದೆ. ಅಕ್ರಿಲಿಕ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿರೋ ಕೆಟ್ಟಿತು: ಅದು ಪ್ಲಾಸ್ಟಿಕ್ಕಿನ ಸಂತತಿ, ಕಾವಿಗೆ ಕರಗಿ ಚಪ್ಪಟೆಯಾಗಿ ಹೊಳೆಯತೊಡಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಎಷ್ಟು ಜನಕ್ಕೆ?

ಪಳಗಿದವರಿಗೆ ಚಳಿಯ ಮಫ್ಲರ್ ಏಳೆಂಟು ಗಂಟೆಯ ಕೆಲಸ, ಹೊಸಬರಿಗೆ ಅದರ ದುಪ್ಪಟ್ಟೋ ಇನ್ನೂ ಹೆಚ್ಚೋ. ಹತ್ತಿಯ ಸ್ಟೋಲ್ ಇನ್ನೂ ನಿಧಾನ. ದಿನಕ್ಕೆ ಒಂದು ಗಂಟೆ ಸಿಗುವ ಮನೆಯಲ್ಲಿ ಸೆಪ್ಟೆಂಬರಿಗೆ ಶುರು ಮಾಡಿದ ಹೊಸಬರು ಡಿಸೆಂಬರಿಗೆ ನಾಲ್ಕೈದು ಮುಗಿಸಿದರೆ ದೊಡ್ಡದು. ಇಡೀ ಬಳಗಕ್ಕೆ ಕೊಡುತ್ತೇನೆಂದು ಹೊರಟವರ ಪೆಟ್ಟಿಗೆಯಲ್ಲಿ ಅರ್ಧ ಹೆಣೆದ ಒಂಬತ್ತು ಮಫ್ಲರುಗಳಿರುತ್ತವೆ. ತುಂಬ ಜನಕ್ಕೆ ಕೊಡಲೇಬೇಕಿದ್ದರೆ ನಾಲ್ಕು ಜನ ಸೇರಿ ಹೆಣೆಯಿರಿ. ಚೆನ್ನೈಯ ಸುಭಶ್ರೀ ನಟರಾಜನ್ ಕಟ್ಟಿದ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗದ ಹೆಂಗಸರು ತುಂಡುತುಂಡಾಗಿ ಹೆಣೆದು ಜೋಡಿಸಿದ ಸ್ಕಾರ್ಫ್ 2017ರ ಮೇ ತಿಂಗಳಲ್ಲಿ ಗಿನ್ನೆಸ್ ದಾಖಲೆ ಸೇರಿತು. ಉದ್ದ 14 ಕಿಲೋಮೀಟರಿಗೂ ಹೆಚ್ಚು! ಹಿಂದಿನ ವರ್ಷ ಅದೇ ಬಳಗ 11 ಸಾವಿರ ಚದರ ಮೀಟರ್ ದಾಟಿದ ಕಂಬಳಿ ಮಾಡಿತ್ತು. ಒಂದು ಕಾಂಪೌಂಡಿನ ನಾಲ್ಕು ಮನೆಯವರು ಶುಕ್ರವಾರ ಸಂಜೆ ಒಟ್ಟಿಗೆ ಕೂರುವುದು ಅದರ ಮುಂದೆ ಏನೂ ಅಲ್ಲ.

ಇಷ್ಟಕ್ಕೆಲ್ಲ ಹೆಣಗುವ ಬದಲು ಮಾಲ್‌ನಲ್ಲಿ ಹತ್ತು ರಿಯಾಲಿಗೆ ಸಿಗುತ್ತದಲ್ಲ ಎನ್ನುವವರು ಇದ್ದೇ ಇರುತ್ತಾರೆ. ಸ್ವೆಟರಿನ ಹೆಣಿಗೆಯನ್ನು ಕಾರ್ಖಾನೆಯ ಯಂತ್ರಗಳು ಸರಾಗವಾಗಿ ಮಾಡುತ್ತವೆ. ನಿಜವಾದ ಕ್ರೋಶಾ ಮಾಡುವ ಯಂತ್ರ ಮಾತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ. ಅಗ್ಗದ ಬೆಲೆಚೀಟಿಯ ಕ್ರೋಶಾ ಉಡುಪನ್ನೂ ಎಲ್ಲೋ ಯಾರೋ ಕೈಯಲ್ಲೇ ಹೆಣೆದಿರುತ್ತಾರೆ. ಮಿಷನರಿಗಳ ಕಾಲದಿಂದ ಬೆಳೆದುಬಂದ ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಮನೆಯಲ್ಲಿ ಕೂತು ಆ ಲೇಸು ಹೆಣೆಯುವ ಹೆಂಗಸರಿಗೆ ಸಿಗುವ ಕೂಲಿ ಎಷ್ಟು ಕನಿಷ್ಠ ಎನ್ನುವುದನ್ನು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲೇ ಪುಸ್ತಕವಾಗಿ ಬರೆದಿದ್ದರು. ಹತ್ತು ರಿಯಾಲಿನ ಲೆಕ್ಕ ಹಾಕುವಾಗ ಆ ಕೂಲಿಯೂ ನೆನಪಿರಲಿ.

ಕೊಡುವಾಗ ಪೊಟ್ಟಣದೊಳಗೆ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಇಡಿ: ಯಾವ ದಾರ, ತಣ್ಣೀರಿನಲ್ಲಿ ಒಗೆಯಿರಿ, ಹಿಂಡಬೇಡಿ, ಹಾಸಿ ಒಣಗಿಸಿ. ಊರಿನಲ್ಲಿ ಬಟ್ಟೆ ಒಗೆಯುವವರು ಉಡುಗೊರೆ ಪಡೆದವರೇ ಆಗಿರುವುದಿಲ್ಲ, ಕಲ್ಲಿಗೆ ಎರಡು ಸಲ ಬಡಿದರೆ ನಿಮ್ಮ ಮೂರು ತಿಂಗಳು ಮುಗಿಯಿತು. ಮಿಕ್ಕ ದಾರದ ಒಂದು ಗಜವನ್ನೂ ಚೀಟಿಯ ಜೊತೆ ಸುತ್ತಿಡಿ, ಎಳೆ ಕಿತ್ತರೆ ಅದೇ ಬಣ್ಣದಲ್ಲಿ ಸರಿಮಾಡಿಕೊಳ್ಳಬಹುದು. ವಿಮಾನದಲ್ಲಿ ಹೆಣೆದು ಮುಗಿಸುತ್ತೇನೆ ಎಂಬ ಆಸೆಯಿದ್ದರೆ ಒಂದು ಮಾತು. ಕಡ್ಡಿಯನ್ನು ಕೈಚೀಲದಲ್ಲಿ ಬಿಡುವುದೂ ಬಿಡದಿರುವುದೂ ತಪಾಸಣೆಯ ಸಿಬ್ಬಂದಿಯ ವಿವೇಚನೆಗೆ ಸೇರಿದ್ದು. ಒಳ್ಳೆಯ ಕಡ್ಡಿಗಳನ್ನೂ ಕತ್ತರಿಯನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕಿ, ಹೋದರೂ ಚಿಂತೆಯಿಲ್ಲ ಎನ್ನುವಂಥ ಒಂದು ಪ್ಲಾಸ್ಟಿಕ್ ಕಡ್ಡಿಯನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಿ. ಬೆಂಗಳೂರಿಗೆ ಸುಮಾರು ನಾಲ್ಕು ಗಂಟೆಯ ಹಾರಾಟ. ಊಟ, ನಿದ್ದೆ ಕಳೆದರೂ ಕುಚ್ಚು ಕಟ್ಟಿ ಮುಗಿಸಲು ಅಷ್ಟು ಸಾಕು, ಅದಕ್ಕೆ ಬೆರಳಿದ್ದರಾಯಿತು.